ಕಾರಿನಡಿಯ ಸದ್ದಿಗೆ ಒಂದು ಬಹಿರಂಗ ಪತ್ರ

ಸದ್ದೇ,

ಗ್ಯಾರೇಜಿನ ಜಾಬ್ ಕಾರ್ಡಿನಲ್ಲಿ ನಿನ್ನನ್ನು ‘ಮುಂದೆ ಸೌಂಡ್’ ಎಂದು ಎರಡೇ ಮಾತಿನಲ್ಲಿ ಬರೆದುಕೊಳ್ಳುತ್ತಾರೆ. ಎಡಕ್ಕೋ ಬಲಕ್ಕೋ, ಯಾವ ರಸ್ತೆಯಲ್ಲಿ, ಎಷ್ಟು ವೇಗದಲ್ಲಿ, ಬ್ರೇಕ್ ಒತ್ತಿದಾಗಲೋ ಸ್ಟೀರಿಂಗ್ ತಿರುಗಿಸಿದಾಗಲೋ ಎಂದು ಬರೆಯಲು ಆ ಕಾರ್ಡಿನಲ್ಲಿ ಜಾಗವೇ ಇರುವುದಿಲ್ಲ. ಅದಕ್ಕೇ ಈ ಪತ್ರವನ್ನು ನೇರವಾಗಿ ನಿನಗೇ ಬರೆಯುತ್ತಿದ್ದೇನೆ, ನಾಲ್ಕು ಜನ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ. ಎಲ್ಲರಿಗೂ ನೀನು ನಿಂತರೆ ಸಾಕು. ನೀನು ಏನು ಹೇಳುತ್ತಿದ್ದೀಯ ಎಂದು ಕೇಳುವವರು ಬಹಳ ಕಡಿಮೆ.

ನಮ್ಮ ಮನೆಯದು 2009ರ ಹ್ಯಾಚ್‌ಬ್ಯಾಕ್. ಹದಿನೈದು ವರ್ಷ ತುಂಬಿದ ಮೇಲೆ ಆರ್‌ಟಿಒದಲ್ಲಿ ತಪಾಸಣೆ ಮುಗಿಸಿ, ಇನ್ನೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಂಡ ಗಾಡಿ. ಎಂಜಿನ್ ಗಟ್ಟಿಯಾಗಿದೆ, ಮೈಗೆ ತುಕ್ಕು ಹಿಡಿದಿಲ್ಲ. ಆ ಗಾಡಿಯ ಮುಂಭಾಗದಲ್ಲಿ, ಎಡಗಡೆ ಕೂತವರ ಪಾದದ ಕೆಳಗೆ, ನೀನು ಶುರುವಾದೆ. ಮೈಸೂರಿನ ಒಳರಸ್ತೆಗಳಲ್ಲಿ, ಡಾಂಬರು ಕಿತ್ತು ಜಲ್ಲಿ ಮೇಲೆದ್ದ ಕಡೆ, ಇಪ್ಪತ್ತು ಮೂವತ್ತರ ವೇಗದಲ್ಲಿ ಕಟ ಕಟ ಕಟ. ಕಿಟಕಿ ಏರಿಸಿದರೆ ಮಂದ. ಕಿಟಕಿ ಇಳಿಸಿ ಕಾಂಪೌಂಡ್ ಗೋಡೆಯ ಪಕ್ಕದಲ್ಲೇ ಹೋದರೆ ಗೋಡೆಗೆ ಬಡಿದು ವಾಪಸು ಬಂದು ಇನ್ನೂ ಸ್ಪಷ್ಟ. ರಿಂಗ್ ರೋಡಿನಲ್ಲಿ ನೀನಿಲ್ಲ, ಬೆಂಗಳೂರು ಹೆದ್ದಾರಿಯಲ್ಲಿ ನೀನಿಲ್ಲ. ಮುಖ್ಯವಾಗಿ, ಹಂಪ್ ಮೇಲೆ ಎರಡೂ ಮುಂಚಕ್ರಗಳನ್ನು ನೇರವಾಗಿ ಹತ್ತಿಸಿ ಇಳಿಸಿದರೂ ನೀನಿಲ್ಲ.

ಆ ಕೊನೆಯ ಸಂಗತಿಯಲ್ಲೇ ನೀನು ಎಲ್ಲವನ್ನೂ ಹೇಳಿಬಿಟ್ಟಿದ್ದೆ. ಅದನ್ನು ಕೇಳಿಸಿಕೊಳ್ಳುವವರು ಸಿಕ್ಕಲು ತಡವಾಯಿತು, ಅಷ್ಟೇ.

ಮೊದಲು ಹೋದ ದೊಡ್ಡ ವರ್ಕ್‌ಶಾಪಿನಲ್ಲಿ ಗಾಡಿಯನ್ನು ರ‍್ಯಾಂಪಿಗೆ ಏರಿಸಿದರು, ಚಕ್ರ ಹಿಡಿದು ಅಲ್ಲಾಡಿಸಿದರು, ಟಾರ್ಚ್ ಬಿಟ್ಟರು. “ಶಾಕಪ್ಸರ್ ಹೋಗಿದೆ ಸರ್, ಎರಡೂ ಕಡೆ ಹಾಕ್ಬಿಡಿ” ಅಂದರು. ಹಾಕಿದ್ದಾಯಿತು. ನೀನು ಇದ್ದೆ. ಆಮೇಲೆ ಲಿಂಕ್ ರಾಡ್ ಅಂದರು, ಅದೂ ಜೋಡಿ. ನೀನು ಇದ್ದೆ. ಲೋವರ್ ಆರ್ಮ್ ಅಂದರು, ಅದಾದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕಲ್ಲ, ಅದೂ ಆಯಿತು. ನೀನು ಇದ್ದೆ. ಕೊನೆಗೆ ಸರ್ವಿಸ್ ಅಡ್ವೈಸರ್ ಹೇಳಿದ ಮಾತು ಹಳೇ ಕಾರು ಇಟ್ಟುಕೊಂಡ ಎಲ್ಲರಿಗೂ ಪರಿಚಿತ: “ಹಳೇ ಗಾಡಿ ಸರ್, ಸೌಂಡ್ ಬಂದೇ ಬರುತ್ತೆ.”

ಈ ಮಾತಿನ ವಿರುದ್ಧವೇ ನನ್ನ ತಕರಾರು. ಇದು ಖರ್ಚಿನ ತಕರಾರಲ್ಲ. ಚಕ್ರವನ್ನು ಲೋವರ್ ಆರ್ಮಿಗೆ ಹಿಡಿದಿಡುವ ಬಾಲ್ ಜಾಯಿಂಟ್ ಸವೆದಾಗಲೂ ಇಂಥದ್ದೇ ಕಟಕಟ ಬರುತ್ತದೆ. ಅದು ಕಳಚಿದರೆ ಚಕ್ರ ಅಲ್ಲೇ ಮಗ್ಗುಲಿಗೆ ಮಲಗುತ್ತದೆ. ಸ್ಟೀರಿಂಗಿನ ಟೈ ರಾಡ್ ಎಂಡ್ ಸವೆದಾಗಲೂ ಹೀಗೇ. ಅದು ಕಳಚಿದರೆ ಕೈಯಲ್ಲಿ ಸ್ಟೀರಿಂಗ್ ಇದ್ದರೂ ಚಕ್ರ ನಮ್ಮ ಮಾತು ಕೇಳುವುದಿಲ್ಲ. ಏನೂ ಅಪಾಯವಿಲ್ಲದ ಸಣ್ಣ ರಬ್ಬರು ಸವೆದಾಗಲೂ ಒಳಗೆ ಕೂತವರಿಗೆ ಕೇಳಿಸುವುದು ಇದೇ ಸದ್ದು. ಸೀಟಿನಲ್ಲಿ ಕೂತು ಬರೀ ಸದ್ದಿನ ಬಗೆಯಿಂದ ಇದನ್ನು ಅದರಿಂದ ಬೇರ್ಪಡಿಸಲು ಯಾರಿಗೂ ಬರುವುದಿಲ್ಲ. ಹಾಗಿರುವಾಗ, ಮೂಲ ಸಿಕ್ಕದೆ ‘ಬಂದೇ ಬರುತ್ತೆ’ ಎಂದು ಗಾಡಿಯನ್ನು ರಸ್ತೆಗೆ ಕಳಿಸುವುದು ಬೇಜವಾಬ್ದಾರಿ. ಮಳೆಯಲ್ಲಿ ಶಿರಾಡಿ ಘಾಟಿ ಇಳಿಯುವ ಕುಟುಂಬ ಆ ಮಾತನ್ನು ನಂಬಿಕೊಂಡೇ ಹೊರಟಿರುತ್ತದೆ.

ನಿನ್ನ ಮೂಲ ಹುಡುಕುವುದು ಸುಲಭ ಎಂದು ನಾನು ಹೇಳುತ್ತಿಲ್ಲ. ಈಗಿನ ಕಾರುಗಳಿಗೆ ಬೇರೆ ಚಾಸಿ ಇಲ್ಲ, ತಗಡಿನ ಮೈಯೇ ಚಾಸಿ. ಕೆಳಗೆ ಎಲ್ಲೋ ಬಿದ್ದ ಪೆಟ್ಟು ಆ ತಗಡಿನುದ್ದಕ್ಕೂ ಹರಿದು ಬೇರೆಲ್ಲೋ ಸದ್ದಾಗಿ ಹೊರಬರುತ್ತದೆ. ಬಲಗಡೆಯ ದೋಷ ಎಡಗಡೆ ಕೇಳಿಸಬಹುದು, ನಡುವಿನದು ಮೂಲೆಯಲ್ಲಿ ಕೇಳಿಸಬಹುದು. ಇದರ ಜೊತೆಗೆ ಮುಂಚಕ್ರಗಳ ವಿನ್ಯಾಸವೂ ದಾರಿ ತಪ್ಪಿಸುತ್ತದೆ. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ಸ್ಪ್ರಿಂಗು, ಶಾಕಪ್ಸರು, ಚಕ್ರ ತಿರುಗುವ ಅಚ್ಚು ಈ ಮೂರನ್ನೂ ‘ಸ್ಟ್ರಟ್’ ಎನ್ನುವ ಒಂದೇ ಕಂಬದಲ್ಲಿ ಸೇರಿಸಿದ. ಫೋರ್ಡ್ ಕಂಪನಿ 1950ರ ಹೊತ್ತಿಗೆ ಅದನ್ನು ಯುರೋಪಿನ ತನ್ನ ಕಾರುಗಳಿಗೆ ಹಾಕಿತು. ಭಾಗಗಳು ಕಡಿಮೆ, ಜಾಗ ಕಡಿಮೆ, ಖರ್ಚು ಕಡಿಮೆ. ಸಣ್ಣ ಕಾರಿಗೆ ಹೇಳಿ ಮಾಡಿಸಿದ್ದು. ನಮ್ಮಲ್ಲಿ 1983ರಲ್ಲಿ ಬಂದ ಮಾರುತಿ 800 ಈ ಸ್ಟ್ರಟ್ಟನ್ನು ಮನೆಮನೆಗೆ ತಂದಿತು, ಇಂದು ಸಣ್ಣ ಕಾರುಗಳ ಮುಂಭಾಗದಲ್ಲಿ ಇದೇ ರೂಢಿ. ಈ ಕಂಬದ ತಲೆ ನೇರವಾಗಿ ಕಾರಿನ ಮೈಗೆ, ಬಾನೆಟ್ಟಿನ ಕೆಳಗೆ, ನಮ್ಮ ಎದುರಿಗೇ ಬಂದು ಕೂರುತ್ತದೆ. ಆದ್ದರಿಂದ ಕೆಳಗೆ ಏನು ಬಡಿದರೂ ಕಂಬದ ಮೇಲೇ ಅನುಮಾನ. ಶಾಕಪ್ಸರ್ ಮೊದಲ ಆರೋಪಿ ಆಗುವುದು ಹೀಗೆ.

ಹಾಗೆಂದು ನೀನು ಸುಳ್ಳು ಹೇಳುವವನಲ್ಲ. ಎಲ್ಲಿದ್ದೀಯ ಎನ್ನುವುದನ್ನು ಮರೆಸಬಹುದು, ಯಾವಾಗ ಬರುತ್ತೀಯ ಎನ್ನುವುದನ್ನು ಮರೆಸುವುದಿಲ್ಲ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಜಿಗಿದಂತೆ ಟಂಯ್ ಅಂದರೆ ಸ್ಟ್ರಟ್ಟಿನ ತಲೆಯ ಬೇರಿಂಗನ್ನು ನೋಡಬೇಕು. ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಲಯ ತಪ್ಪದೆ ಟಕ್ ಟಕ್ ಎಂದು, ವೇಗ ಏರಿದಂತೆ ಲಯವೂ ಏರಿದರೆ ಅದು ಸಸ್ಪೆನ್ಷನ್ನಿನ ಮಾತೇ ಅಲ್ಲ, ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್. ಬ್ರೇಕ್ ಒತ್ತಿದ ಗಳಿಗೆಯಲ್ಲಿ ಒಂದೇ ಒಂದು ಧಡ್ ಬಂದರೆ ಲೋವರ್ ಆರ್ಮಿನ ರಬ್ಬರ್ ಬುಷ್ ಹರಿದಿರುವ ಸಾಧ್ಯತೆ ಹೆಚ್ಚು. ಕಿತ್ತ ರಸ್ತೆಯಲ್ಲಿ ಗಡಗಡ ಎನ್ನುವಾಗ ಬ್ರೇಕ್ ಪೆಡಲಿನ ಮೇಲೆ ಪಾದವನ್ನು ಹಗುರವಾಗಿ ಇಟ್ಟು ನೋಡಬೇಕು. ಸದ್ದು ನಿಂತರೆ ಅದು ಬ್ರೇಕ್ ಪ್ಯಾಡೋ ಕ್ಯಾಲಿಪರೋ ಸಡಿಲವಾಗಿ ಆಡುತ್ತಿರುವುದು. ಬೇಸಿಗೆಯಲ್ಲಿ ಕಿರ್ ಕಿರ್ ಎಂದು ಮಳೆ ಬಿದ್ದ ದಿನ ಮಾಯವಾದರೆ ಒಣಗಿದ ರಬ್ಬರಿಗೆ ನೀರೇ ಜಾರುಕ ಆಗಿದೆ ಎಂದು ಅರ್ಥ. ಇದಾವುದಕ್ಕೂ ಕಂಪ್ಯೂಟರ್ ಬೇಡ. ಎಂಜಿನ್ನಿನ ದೋಷವಾದರೆ ಸ್ಕ್ಯಾನರ್ ಚುಚ್ಚಿದರೆ ಒಂದು ಕೋಡ್ ಬರುತ್ತದೆ. ಸವೆದ ಬುಷ್ಷಿಗೆ ಯಾವ ಕೋಡೂ ಇಲ್ಲ. ಕಿವಿ ಬೇಕು, ಜೊತೆಯಲ್ಲಿ ಕೂತು ಒಂದು ಟ್ರಯಲ್ ಹೋಗುವ ವ್ಯವಧಾನ ಬೇಕು. ಅದಕ್ಕೂ ಮೊದಲು ಡಿಕ್ಕಿ ತೆರೆದು ಜಾಕಿ, ಸ್ಪಾನರ್, ಸ್ಟೆಪ್ನಿ ಎಲ್ಲ ಹೊರಗಿಡಬೇಕು, ಬ್ಯಾಟರಿಯ ಕ್ಲಾಂಪ್ ಅಲ್ಲಾಡಿಸಿ ನೋಡಬೇಕು. ಸಸ್ಪೆನ್ಷನ್ ಸದ್ದು ಎಂದು ಬಂದ ಗಾಡಿಗಳಲ್ಲಿ ಎಷ್ಟೋ ಅಲ್ಲಿಗೇ ವಾಸಿಯಾಗುತ್ತವೆ.

ಈಗ ಹಂಪ್ ವಿಷಯಕ್ಕೆ ಬರುತ್ತೇನೆ. ಕಾರಿನ ಎರಡು ಮುಂಚಕ್ರಗಳ ನಡುವೆ ಉಕ್ಕಿನ ಒಂದು ಸರಳು ಅಡ್ಡಕ್ಕೆ ಹೋಗಿರುತ್ತದೆ, ಸ್ಟೆಬಿಲೈಸರ್ ಬಾರ್ ಅನ್ನುತ್ತಾರೆ. ಅದರ ಕೆಲಸ ನೊಗದ ಕೆಲಸ. ಒಂದು ಎತ್ತು ತಗ್ಗಿಗೆ ಇಳಿದರೆ ನೊಗ ಇನ್ನೊಂದನ್ನೂ ಎಳೆಯುವಂತೆ, ಒಂದು ಚಕ್ರ ಮೇಲೆದ್ದಾಗ ಈ ಬಾರು ತಿರುಚಿಕೊಂಡು ಇನ್ನೊಂದು ಕಡೆಯನ್ನೂ ಜೊತೆಗೆ ಎತ್ತಲು ನೋಡುತ್ತದೆ. ತಿರುವಿನಲ್ಲಿ ಕಾರು ಒಂದು ಮಗ್ಗುಲಿಗೆ ತೀರಾ ವಾಲದಂತೆ ತಡೆಯುವುದು ಇದೇ. ಬಾರಿನ ಎರಡು ತುದಿಗಳನ್ನು ಲಿಂಕ್ ರಾಡುಗಳು ಚಕ್ರದ ಕಡೆಗೆ ಜೋಡಿಸುತ್ತವೆ. ನಡುಭಾಗವನ್ನು ಎರಡು ಕಬ್ಬಿಣದ ಕ್ಲಾಂಪುಗಳು, ಒಳಗೆ ದಪ್ಪ ರಬ್ಬರಿಟ್ಟು, ಕಾರಿನ ಮೈಗೆ ಹಿಡಿದಿರುತ್ತವೆ. ಇಂಗ್ಲಿಷಿನ ‘ಡಿ’ ಅಕ್ಷರದ ಆಕಾರದಲ್ಲಿರುವುದರಿಂದ ಗ್ಯಾರೇಜಿನವರು ಆ ರಬ್ಬರನ್ನು ಡಿ ಬುಷ್ ಅನ್ನುತ್ತಾರೆ.

ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದರೆ ಬಾರು ತಿರುಚಿಕೊಳ್ಳುವುದಿಲ್ಲ. ರಬ್ಬರಿನೊಳಗೆ ಸುಮ್ಮನೆ ಹೊರಳುತ್ತದೆ, ಅದರ ಮೇಲೆ ಭಾರವೇ ಬೀಳುವುದಿಲ್ಲ. ಒಂದು ಚಕ್ರ ಗುಂಡಿಗೆ, ಇನ್ನೊಂದು ಜಲ್ಲಿಯ ಮೇಲೆ ಎಂದಾದಾಗ ಮಾತ್ರ ಬಾರಿಗೆ ಕೆಲಸ, ಅದರ ಜಾಯಿಂಟು ರಬ್ಬರುಗಳಿಗೆ ಪೆಟ್ಟು. ಶಾಕಪ್ಸರು ಹೋಗಿದ್ದರೆ ಹಂಪ್ ಮೇಲೂ ಏನಾದರೂ ತಿಳಿಯಬೇಕಿತ್ತು. ಹಂಪ್ ಮೇಲೆ ಮೌನ, ಕಿತ್ತ ರಸ್ತೆಯಲ್ಲಿ ಕಟಕಟ ಎಂದರೆ ಮೊದಲು ನೋಡಬೇಕಾದದ್ದು ಬಾರಿನ ಸುತ್ತಮುತ್ತ. ನೀನು ಮೊದಲ ದಿನದಿಂದ ಇದನ್ನೇ ಹೇಳುತ್ತಿದ್ದೆ.

ಒಂದು ಷರತ್ತು. ಹಂಪ್ ಅನ್ನುವುದು ಹಂಪ್ ಆಗಿರಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯಲ್ಲಿ ಹೇಳಿದ್ದು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟಬಹುದಾದ ನುಣುಪು ಉಬ್ಬು. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಏಳುವ ಗಿಡ್ಡ, ಕಡಿದಾದ ಗುಪ್ಪೆಗಳ ಮೇಲೆ ಹೊಸ ಕಾರೂ ಕೂಗುತ್ತದೆ. ಪರೀಕ್ಷೆಗೆ ಒಳ್ಳೆಯ ಹಂಪ್ ಆರಿಸಿಕೊಳ್ಳಬೇಕು, ನೇರವಾಗಿ ಹತ್ತಬೇಕು.

ಮಂಡಿ ಮೊಹಲ್ಲಾ ಕಡೆಯ ಒಂದು ಸಣ್ಣ ಗ್ಯಾರೇಜಿನ ಮೇಸ್ತ್ರಿಗೆ ಇದೆಲ್ಲ ಕೈಯಲ್ಲೇ ಗೊತ್ತಿತ್ತು. ಗಾಡಿ ಒಳಗೆ ತರಲು ಬಿಡಲೇ ಇಲ್ಲ. “ನೀವೇ ಓಡ್ಸಿ ಸಾರ್, ನಾನು ಪಕ್ದಲ್ಲಿ ಕೂತ್ಕೋತೀನಿ. ಎಲ್ಲಿ ಬರುತ್ತೋ ಅಲ್ಗೇ ಕರ್ಕೊಂಡೋಗಿ” ಅಂದರು. ಎಫ್‌ಎಂ ಬಂದ್ ಮಾಡಿಸಿದರು, ಎಸಿ ಬಂದ್ ಮಾಡಿಸಿದರು. ಸ್ವಲ್ಪ ದೂರ ಹೋದ ಮೇಲೆ ಇಳಿದು ಹಿಂದಿನ ಸೀಟಿಗೆ ಹೋಗಿ ಕೂತರು. ರಸ್ತೆಯ ಅಂಚಿನಲ್ಲಿ ಎಡ ಚಕ್ರ ಮಾತ್ರ ಮಣ್ಣಿಗೆ ಇಳಿಸಿ ಓಡಿಸಲು ಹೇಳಿದರು, ಆಮೇಲೆ ಬಲ ಚಕ್ರ. ಕೊನೆಗೆ ಶಾಲೆಯ ಮುಂದಿನ ಅಗಲವಾದ ಹಂಪ್. ಅದನ್ನು ದಾಟಿದ ಮೇಲೆ ಹೇಳಿದ್ದು ಇಷ್ಟೇ: “ಎರಡು ಚಕ್ರ ಒಟ್ಟಿಗೆ ಎದ್ರೆ ಇಲ್ಲ, ಒಂದೊಂದೇ ಎದ್ರೆ ಐತೆ. ಬಾರ್ ನೋಡ್ಬೇಕು ಸಾರ್.”

ವಾಪಸು ಬಂದು ಗಾಡಿಯನ್ನು ಪಿಟ್ ಮೇಲೆ ನಿಲ್ಲಿಸಿದರು. ಜಾಕಿ ಮುಟ್ಟಲಿಲ್ಲ. ಇದರಲ್ಲೊಂದು ಮರ್ಮವಿದೆ. ಒಂದು ಕಡೆ ಜಾಕಿ ಕೊಟ್ಟು ಎತ್ತಿದರೆ ಆ ಚಕ್ರ ಕೆಳಗೆ ಜೋತುಬೀಳುತ್ತದೆ, ಬಾರು ತಿರುಚಿಕೊಂಡು ಬಿಗಿಯುತ್ತದೆ. ಲಿಂಕ್ ರಾಡಿನಲ್ಲಿರುವ ಆಟ, ಬುಷ್ಷಿನಲ್ಲಿರುವ ಸಡಿಲ ಎರಡೂ ಆ ಬಿಗಿಯಲ್ಲಿ ಮುಚ್ಚಿಹೋಗುತ್ತವೆ. ಎಷ್ಟು ಟಾರ್ಚ್ ಬಿಟ್ಟರೂ, ಟಾಮಿ ಹಾಕಿ ಮೀಟಿದರೂ ಎಲ್ಲ ಗಟ್ಟಿಯಾಗಿಯೇ ಕಾಣುತ್ತದೆ. ಗಾಡಿ ತನ್ನ ಭಾರವನ್ನು ತನ್ನ ಚಕ್ರದ ಮೇಲೆ ಹೊತ್ತು ನಿಂತಾಗಲೇ ಈ ಭಾಗಗಳ ನಿಜ ಸ್ಥಿತಿ ಸಿಗುವುದು.

ಮೇಸ್ತ್ರಿ ಪಿಟ್‌ಗೆ ಇಳಿದರು. ಮೇಲೆ ಹುಡುಗ ಬಾಗಿಲ ಕಂಬ ಹಿಡಿದು ಗಾಡಿಯನ್ನು ಎಡಬಲಕ್ಕೆ ತೂಗಿದ. ಅವರು ಟಾರ್ಚನ್ನು ಬದಿಗಿಟ್ಟು ಬೆರಳುಗಳಿಂದ ನೋಡುತ್ತ ಹೋದರು. ಲಿಂಕ್ ರಾಡಿನ ಕೆಳತುದಿ, ಮೇಲ್ತುದಿ, ಬಾಲ್ ಜಾಯಿಂಟ್, ಟೈ ರಾಡ್, ಒಂದೊಂದರ ಮೇಲೂ ಬೆರಳಿಟ್ಟು ಹುಡುಗನಿಗೆ “ತೂಗು” ಅನ್ನುವುದು, ತಲೆಯಾಡಿಸುವುದು, ಮುಂದಕ್ಕೆ ಹೋಗುವುದು. ಸ್ಟೀರಿಂಗ್ ರ‍್ಯಾಕಿನ ಹಿಂದೆ, ಕೈ ತೂರಿಸುವುದೇ ಕಷ್ಟವಾದ ಜಾಗದಲ್ಲಿ ನಿಂತರು. “ಇಳೀರಿ ಸಾರ್, ಇಲ್ಲಿ ಬೆರಳಿಡಿ” ಅಂದರು. ಇಟ್ಟೆ. ಹುಡುಗ ತೂಗಿದಾಗ ಬಾರು ಕ್ಲಾಂಪಿನೊಳಗೆ ಕುಟ್ಟುವುದು ಬೆರಳಿಗೆ ಸ್ಪಷ್ಟವಾಗಿ ತಾಗಿತು. ಸದ್ದು ಕೇಳಿಸುವ ಮೊದಲೇ ಬೆರಳಿಗೆ ಗೊತ್ತಾಯಿತು. ಅದೂ ಬಲಗಡೆಯ ಕ್ಲಾಂಪ್, ನಮಗೆ ಕೇಳಿಸುತ್ತಿದ್ದದ್ದು ಎಡಗಡೆ.

ಕ್ಲಾಂಪ್ ಬಿಚ್ಚಿದಾಗ ರಬ್ಬರಿನ ತೂತು ಗುಂಡಗೆ ಉಳಿದಿರಲಿಲ್ಲ, ಕೋಳಿಮೊಟ್ಟೆಯ ಆಕಾರಕ್ಕೆ ಸವೆದಿತ್ತು. ಒಳಮೈ ಕನ್ನಡಿ ಹೊಳಪು. ಬಾರಿನ ಆ ಒಂದು ಅಂಗುಲದಲ್ಲಿ ಬಣ್ಣ ಹೋಗಿ ಬರೀ ಉಕ್ಕು ಮಿನುಗುತ್ತಿತ್ತು, ಅದರ ಎರಡೂ ಅಂಚಿಗೆ ತುಕ್ಕಿನ ಕೆಂಪು ಪುಡಿ. ಮೇಸ್ತ್ರಿ ಬಾರಿನ ದಪ್ಪವನ್ನು ವರ್ನಿಯರ್ ಹಿಡಿದು ಅಳೆದೇ ಅಂಗಡಿಗೆ ಫೋನ್ ಮಾಡಿದ್ದು. ಒಂದೇ ಕಾರಿನ ಬೇರೆ ಬೇರೆ ಮಾಡೆಲುಗಳಲ್ಲಿ ಬಾರಿನ ದಪ್ಪ ಬೇರೆಯಾಗಿರಬಹುದು. ಒಂದು ಮಿಲಿಮೀಟರ್ ದೊಡ್ಡ ರಬ್ಬರ್ ಹಾಕಿದರೆ ಹೊಸದೇ ಕಟಕಟ ಅನ್ನುತ್ತದೆ. ಮೈಸೂರಿನಲ್ಲಿ ಆ ಅಳತೆಯದು ಸಿಗದೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದರು. ಜೋಡಿ ರಬ್ಬರಿಗೆ ಕೆಲವು ನೂರು ರೂಪಾಯಿ. ಅದಕ್ಕೆ ಮೊದಲು ಬದಲಾದ ಭಾಗಗಳ ಬಿಲ್ಲು ಹತ್ತಾರು ಸಾವಿರ ದಾಟಿತ್ತು. ಅವುಗಳಲ್ಲಿ ಬಿಚ್ಚಿ ತೆಗೆದ ಲಿಂಕ್ ರಾಡುಗಳನ್ನು ನಾನು ಮನೆಗೆ ತಂದಿದ್ದೆ. ಮೇಸ್ತ್ರಿ ಕೈಯಲ್ಲಿ ಹೊರಳಿಸಿ ನೋಡಿ, ಇನ್ನೂ ಎರಡು ವರ್ಷ ಓಡುತ್ತಿದ್ದವು ಅಂದರು.

ಹಳೇ ಅಂಬಾಸಿಡರ್ ಕಾಲದಲ್ಲಿ ಸಸ್ಪೆನ್ಷನ್ನಿನ ಜಾಯಿಂಟುಗಳಿಗೆ ಗ್ರೀಸ್ ನಿಪ್ಪಲ್ ಇರುತ್ತಿದ್ದವು. ಆಗಾಗ ಗ್ರೀಸ್ ಗನ್ ಹಿಡಿದು ತುಂಬುವ ನೆಪದಲ್ಲಿ ಯಾರಾದರೊಬ್ಬರು ಗಾಡಿಯಡಿ ಮಲಗಿ ಎಲ್ಲವನ್ನೂ ಕೈಯಿಂದ ಮುಟ್ಟುತ್ತಿದ್ದರು. ಈಗಿನವು ಆಯುಷ್ಯಪೂರ್ತಿ ಮುಚ್ಚಿದ ಜಾಯಿಂಟುಗಳು. ಮುಟ್ಟುವ ಕೆಲಸ ತಪ್ಪಿತು, ಅದರ ಜೊತೆ ಮುಟ್ಟಿ ತಿಳಿಯುವ ಅಭ್ಯಾಸವೂ ತಪ್ಪಿತು. ಹೊದಿಕೆಯ ರಬ್ಬರ್ ಹರಿದು ಒಳಗೆ ಮಣ್ಣು ಹೋದದ್ದು ಯಾರ ಕಣ್ಣಿಗೂ ಬೀಳದೆ, ನೀನು ಕೂಗಿದ ಮೇಲಷ್ಟೇ ಎಲ್ಲರೂ ತಲೆ ಎತ್ತುತ್ತಾರೆ.

ಮೆಕ್ಯಾನಿಕ್ ಸ್ನೇಹಿತರಿಗೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಲೋವರ್ ಆರ್ಮಿನ ಬುಷ್ಷುಗಳಲ್ಲಿ ರಬ್ಬರು ಒಳಕೊಳವೆಗೂ ಹೊರಕೊಳವೆಗೂ ಅಂಟಿಕೊಂಡೇ ಇರುತ್ತದೆ. ಗಾಡಿ ರ‍್ಯಾಂಪಿನ ಮೇಲಿದ್ದು ಚಕ್ರ ಜೋತಾಡುವಾಗಲೇ ಆ ಬೋಲ್ಟನ್ನು ಪೂರ್ತಿ ಬಿಗಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ನಿಂತಿರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ದಯವಿಟ್ಟು ಚಕ್ರ ನೆಲದ ಮೇಲಿರುವಾಗ ಕೊನೆಯ ಬಿಗಿ ಕೊಡಿ. ಕಿರ್ ಎನ್ನುವ ರಬ್ಬರಿಗೆ ಎಂಜಿನ್ ಆಯಿಲ್ ಸುರಿಯಬೇಡಿ. ಆ ದಿನ ಸದ್ದು ನಿಲ್ಲುತ್ತದೆ, ರಬ್ಬರು ಉಬ್ಬಿ ಮೆತ್ತಗಾಗಿ ಬೇಗ ಹಾಳಾಗುತ್ತದೆ. ಬೇಕೇ ಬೇಕಾದರೆ ಸಿಲಿಕೋನ್ ಸ್ಪ್ರೇ ಬಳಸಿ. ಮತ್ತು ಲಿಂಕ್ ರಾಡಿನ ಮೇಲೆ ಅನುಮಾನ ಬಂದರೆ ಹೊಸದನ್ನು ತರಿಸುವ ಮೊದಲು ಎರಡೂ ಕಡೆಯದನ್ನು ಬಿಚ್ಚಿಟ್ಟು, ಗ್ಯಾರೇಜಿನ ಬೀದಿಯಲ್ಲಿ ನೀವೇ ತೀರಾ ನಿಧಾನವಾಗಿ ಒಂದು ಸುತ್ತು ಓಡಿಸಿ ನೋಡಿ. ಸದ್ದು ಹೋದರೆ ಬಾರು, ಅದರ ಲಿಂಕು, ಅದರ ರಬ್ಬರು, ಇಷ್ಟರಲ್ಲೇ ದೋಷ. ಹೋಗದಿದ್ದರೆ ಅಷ್ಟೂ ಭಾಗ ನಿರಪರಾಧಿ, ಗಿರಾಕಿಯ ದುಡ್ಡು ಉಳಿಯಿತು.

ಸದ್ದೇ, ನಿನ್ನನ್ನು ಕೇಳಿಸಿಕೊಳ್ಳಲು ಯಾರಿಗೂ ಪುರುಸೊತ್ತಿಲ್ಲ ಎಂದು ಬೈಯುವುದು ಸುಲಭ. ಕಾರಣ ಬಿಲ್ಲಿನಲ್ಲಿದೆ. ಭಾಗದ ಬೆಲೆಗೆ ಒಂದು ಸಾಲು, ಅದನ್ನು ಹಾಕಿದ ಮಜೂರಿಗೆ ಒಂದು ಸಾಲು. ಹುಡುಕಿದ್ದಕ್ಕೆ ಸಾಲೇ ಇಲ್ಲ. ಮೇಸ್ತ್ರಿ ನನ್ನ ಜೊತೆ ಸುತ್ತಿದ್ದು, ಪಿಟ್ಟಿನಲ್ಲಿ ಬಗ್ಗಿ ನಿಂತದ್ದು, ಅಳೆದದ್ದು, ಇದೊಂದೂ ಅವರು ಬರೆದ ಚೀಟಿಯಲ್ಲಿ ಇರಲಿಲ್ಲ. ಕೇಳಿದ್ದಕ್ಕೆ “ಅದ್ಕೆಲ್ಲ ಏನ್ ತಗೊಳ್ಳೋದು ಸಾರ್” ಅಂದರು. ತಿಳಿವಳಿಕೆಯ ಭಾಗವೇ ಬಿಟ್ಟಿ ಎಂದಾದರೆ ಹೊಟ್ಟೆಪಾಡಿಗೆ ಭಾಗ ಮಾರಲೇಬೇಕು. ಬಿಡಿಭಾಗ ಬದಲಿಸಿದಷ್ಟೂ ಲಾಭ, ಹುಡುಕಿದಷ್ಟೂ ನಷ್ಟ ಎನ್ನುವ ಲೆಕ್ಕಾಚಾರದಲ್ಲಿ ಒಳ್ಳೆಯ ಕಿವಿಯಿರುವ ಮೇಸ್ತ್ರಿಗಳು ಬಹಳ ದಿನ ಉಳಿಯುವುದಿಲ್ಲ. ಅವರ ಬಳಿ ಕಲಿಯುತ್ತಿರುವ ಹುಡುಗನೂ ನಾಳೆ ಭಾಗ ಬದಲಿಸುವುದನ್ನಷ್ಟೇ ಕಲಿಯುತ್ತಾನೆ. ಆ ದಿನ ನಾನು ಟ್ರಯಲ್ ನೋಡಿದ ಹೊತ್ತಿಗೂ ಸೇರಿಸಿ ದುಡ್ಡು ಕೊಟ್ಟೆ, ಚೀಟಿಯಲ್ಲಿ ಅದನ್ನು ಬೇರೆ ಸಾಲಾಗಿಯೇ ಬರೆಸಿದೆ.

ಹಳೇ ಕಾರು ಇಟ್ಟುಕೊಂಡಿರುವ ಓದುಗರಲ್ಲಿ ನನ್ನ ವಿನಂತಿ ಇಷ್ಟು. ಗ್ಯಾರೇಜಿಗೆ ಹೋಗುವ ಮೊದಲು ಸದ್ದು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂದು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಮೊಬೈಲಿನಲ್ಲಿ ಒಂದಿಷ್ಟು ರೆಕಾರ್ಡ್ ಮಾಡಿಟ್ಟುಕೊಳ್ಳಿ, ಆ ಕೆಲಸ ಪಕ್ಕದಲ್ಲಿ ಕೂತವರಿಗೆ ವಹಿಸಿ. ಮೆಕ್ಯಾನಿಕ್ಕನ್ನು ಗಾಡಿಯೊಳಗೆ ಕೂರಿಸಿಕೊಂಡು ಟ್ರಯಲ್ ಹೋಗದೆ ಯಾವ ಭಾಗ ಬದಲಿಸಲೂ ಒಪ್ಪಬೇಡಿ. ತೆಗೆದ ಭಾಗವನ್ನು ತೋರಿಸಲು ಹೇಳಿ. ಮೂಲ ಸಿಕ್ಕಮೇಲೆ, ಹುಡುಕಿದ ಹೊತ್ತಿಗೆ ಎಷ್ಟು ಎಂದು ನೀವಾಗಿಯೇ ಕೇಳಿ, ಚೌಕಾಸಿ ಮಾಡದೆ ಕೊಡಿ.

ಇತಿ,
ಹಳೇ ಕಾರೊಂದರ ಮಾಲೀಕ, ಮೈಸೂರು